ಕಾವಲು ಬಿಡದ ಸೇನಾನಿ: ಬ್ರಿಗೇಡಿಯರ್ ಮುಹಮ್ಮದ್ ಉಸ್ಮಾನ್

ಉಹುದ್ ಯುದ್ಧದ ಚರಿತ್ರೆಯನ್ನು ಕೇಳದ ಮುಸ್ಲಿಮ್ ಮನೆ ಇರಲಾರದು. ಹಿಜರಿ ಮೂರನೆಯ ವರ್ಷ ನಡೆದ ಆ ಯುದ್ಧದಲ್ಲಿ ಪ್ರವಾದಿವರ್ಯರು(ಸ) ಒಂದು ಚಿಕ್ಕ ಗುಡ್ಡದ ಮೇಲೆ ಐವತ್ತು ಮಂದಿ ಬಿಲ್ಲುಗಾರರನ್ನು ಅಬ್ದುಲ್ಲಾ ಬಿನ್ ಜುಬೈರ್(ರ)ರ ನೇತೃತ್ವದಲ್ಲಿ ನಿಲ್ಲಿಸಿದ್ದರು. ಗೆದ್ದರೂ ಸೋತರೂ ಅಪ್ಪಣೆಯಿಲ್ಲದೆ ಆ ಸ್ಥಳವನ್ನು ಬಿಡಬಾರದೆಂಬುದು ಅವರಿಗೆ ನೀಡಲಾದ ಸ್ಪಷ್ಟ ಆದೇಶವಾಗಿತ್ತು. ಶತ್ರುಗಳು ಹಿಮ್ಮೆಟ್ಟುತ್ತಿರುವುದನ್ನು ಕಂಡು ಯುದ್ಧ ಮುಗಿಯಿತೆಂದು ಭಾವಿಸಿದ ಹೆಚ್ಚಿನವರು ಸಮರಾರ್ಜಿತ ಸೊತ್ತಿನ ಕಡೆಗೆ ಇಳಿದುಹೋದರು. ಗುಡ್ಡದ ಮೇಲೆ ನಾಯಕರೂ ಬೆರಳೆಣಿಕೆಯ ಸಂಗಡಿಗರೂ ಮಾತ್ರ ಉಳಿದರು. ಅಂದು ಇನ್ನೂ ಇಸ್ಲಾಮ್ ಸ್ವೀಕರಿಸಿರದ ಖಾಲಿದ್ ಬಿನ್ ವಲೀದ್ ಆ ತೆರವನ್ನು ಗಮನಿಸಿದರು. ಕುದುರೆ ಸವಾರರೊಂದಿಗೆ ಹಿಂದಿನಿಂದ ಸುತ್ತಿ ಬಂದು ದಾಳಿ ನಡೆಸಿದರು. ಕೈಗೆ ಬಂದಿದ್ದ ಜಯ ಜಾರಿಹೋಯಿತು.

ಒಂದು ಸೇನೆಯ ಅಳಿವು ಉಳಿವು ಹಲವು ಸಲ ಒಂದು ಚಿಕ್ಕ ತುಕಡಿಯ ಶಿಸ್ತಿನ ಮೇಲೆ ನಿಂತಿರುತ್ತದೆ. ತನಗೆ ಒಪ್ಪಿಸಿದ ಅಂಗೈಯಗಲದ ನೆಲವನ್ನು ಕಾಯುವವನು ತಾನು ಕಾಣದ ಸಾವಿರಾರು ಜನರ ಜೀವವನ್ನೂ ಕಾಯುತ್ತಿರುತ್ತಾನೆ. ಅದು ಅವನ ಕೈಯಲ್ಲಿರುವ ಅಮಾನತ್ತು. ಜಗತ್ತಿನ ಸೈನಿಕ ಶಾಲೆಗಳಲ್ಲಿ ಇಂದಿಗೂ ಹೊಸ ಕೆಡೆಟ್‌ಗಳಿಗೆ ಕಲಿಸುವ ಪಾಠಗಳಲ್ಲಿ ಇದೂ ಒಂದು. ಈ ಪಾಠವನ್ನು ತನ್ನ ಬದುಕಿನಲ್ಲಿ ಪೂರ್ತಿಯಾಗಿ ಅನುಸರಿಸಿ ತೋರಿಸಿದ ಒಬ್ಬ ವ್ಯಕ್ತಿ ನಮ್ಮ ದೇಶದಲ್ಲೇ, ನಮ್ಮ ಹಿರಿಯರ ಕಾಲದಲ್ಲೇ ಇದ್ದರು. ಅವರೇ ನೌಶೇರಾದ ಸಿಂಹವೆಂದು ಹೆಸರಾದ ಬ್ರಿಗೇಡಿಯರ್ ಮುಹಮ್ಮದ್ ಉಸ್ಮಾನ್.

ತೊದಲುವ ಹುಡುಗ

ಉಸ್ಮಾನ್‌ರು 1912ರ ಜುಲೈ 15ರಂದು ಅಂದಿನ ಸಂಯುಕ್ತ ಪ್ರಾಂತದ, ಅಂದರೆ ಇಂದಿನ ಉತ್ತರ ಪ್ರದೇಶದ ಆಝಮ್‌ಗಢ ಜಿಲ್ಲೆಯ ಬೀಬೀಪುರ ಗ್ರಾಮದಲ್ಲಿ ಜನಿಸಿದರು. ತಂದೆ ಮುಹಮ್ಮದ್ ಫಾರೂಕ್ ಪೊಲೀಸ್ ಅಧಿಕಾರಿಯಾಗಿದ್ದು ಬನಾರಸಿನ ಕೊತ್ವಾಲರಾಗಿದ್ದವರು. ಉಸ್ಮಾನ್‌ರ ಶಾಲಾ ಶಿಕ್ಷಣವೂ ಬನಾರಸಿನಲ್ಲೇ ನಡೆಯಿತು. ಹನ್ನೆರಡು ವರ್ಷದ ಬಾಲಕನಾಗಿದ್ದಾಗ ಬಾವಿಗೆ ಬಿದ್ದ ಮಗುವೊಂದನ್ನು ಕಾಪಾಡಲು ಹಿಂದುಮುಂದು ನೋಡದೆ ಬಾವಿಗೆ ಹಾರಿದ್ದರೆಂಬ ಸಂಗತಿಯನ್ನು ಅವರ ಜೀವನ ಚರಿತ್ರೆ ಬರೆದವರೆಲ್ಲ ನೆನೆಯುತ್ತಾರೆ.

ಆದರೆ ಆ ಧೈರ್ಯಶಾಲಿ ಬಾಲಕನಿಗೆ ಒಂದು ಕೊರತೆಯಿತ್ತು. ಮಾತನಾಡುವಾಗ ನಾಲಗೆ ತೊದಲುತ್ತಿತ್ತು. ಮಗನಿಗೆ ಸಿವಿಲ್ ಸೇವೆಯಲ್ಲಿ ಇದರಿಂದ ಅಡ್ಡಿಯಾಗಬಹುದೆಂದು ಯೋಚಿಸಿದ ತಂದೆ, ಅವನನ್ನು ಪೊಲೀಸ್ ಇಲಾಖೆಗೆ ಸೇರಿಸಲು ತನ್ನ ಮೇಲಧಿಕಾರಿಯಾದ ಆಂಗ್ಲರೊಬ್ಬರ ಬಳಿಗೆ ಕರೆದೊಯ್ದರು. ಆ ಅಧಿಕಾರಿಗೂ ತೊದಲು ಇತ್ತು. ಹುಡುಗನ ತೊದಲು ಉತ್ತರಗಳನ್ನು ಕೇಳಿ, ತನ್ನನ್ನು ಅಣಕಿಸುತ್ತಿದ್ದಾನೆಂದು ಬಗೆದು ಅವರು ಸಿಟ್ಟಾದರೆಂದೂ, ಹಾಗೆ ಪೊಲೀಸ್ ಇಲಾಖೆಯ ಬಾಗಿಲು ಮುಚ್ಚಿತೆಂದೂ ಹೇಳಲಾಗುತ್ತದೆ. ಮನುಷ್ಯ ಒಂದು ಬಾಗಿಲು ಮುಚ್ಚಿತೆಂದು ಕೊರಗುತ್ತಿರುವಾಗ ಅಲ್ಲಾಹನು ಇನ್ನೊಂದನ್ನು ತೆರೆದಿಟ್ಟಿರುತ್ತಾನೆ. ಉಸ್ಮಾನ್‌ರು ಸೇನೆಯ ದಾರಿ ಹಿಡಿದರು.

ಸ್ಯಾಂಡ್‌ಹರ್ಸ್ಟ್‌ನ ಕೆಡೆಟ್

ಆ ಕಾಲದಲ್ಲಿ ಭಾರತೀಯನೊಬ್ಬ ಸೇನೆಯಲ್ಲಿ ಪೂರ್ಣಾಧಿಕಾರದ ಅಧಿಕಾರಿಯಾಗುವುದು ಸುಲಭದ ಮಾತಾಗಿರಲಿಲ್ಲ. ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿದ್ದ ರಾಯಲ್ ಮಿಲಿಟರಿ ಕಾಲೇಜಿನಲ್ಲಿ ವರ್ಷಕ್ಕೆ ಕೆಲವೇ ಭಾರತೀಯರಿಗೆ ಅವಕಾಶವಿತ್ತು. 1932ರಲ್ಲಿ ಉಸ್ಮಾನ್‌ರು ಅಲ್ಲಿಗೆ ಆಯ್ಕೆಯಾದರು. ಅದೇ ವರ್ಷ ಅಕ್ಟೋಬರಿನಲ್ಲಿ ಡೆಹ್ರಾಡೂನಿನಲ್ಲಿ ಭಾರತೀಯ ಮಿಲಿಟರಿ ಅಕಾಡೆಮಿ 40 ಕೆಡೆಟ್‌ಗಳೊಂದಿಗೆ ಆರಂಭವಾಯಿತು. ಆ ಮೊದಲ ತಂಡದಲ್ಲಿದ್ದ ಸ್ಯಾಮ್ ಮಾಣಿಕ್‌ಷಾ ಮುಂದೆ ಭಾರತದ, ಮುಹಮ್ಮದ್ ಮೂಸಾ ಪಾಕಿಸ್ತಾನದ, ಸ್ಮಿತ್ ಡನ್ ಬರ್ಮಾದ ಸೇನೆಗಳ ಮುಖ್ಯಸ್ಥರಾದರು. ಅವರೆಲ್ಲ ಉಸ್ಮಾನ್‌ರ ಸಮಕಾಲೀನರು.

ಸೇನಾಧಿಕಾರಿಯ ಶಿಕ್ಷಣವೆಂದರೆ ಮಹಾಯುದ್ಧಗಳ ನಕ್ಷೆ ಬಿಡಿಸುವುದೆಂದು ಹೊರಗಿನವರು ಭಾವಿಸಬಹುದು. ವಾಸ್ತವದಲ್ಲಿ ಕೆಡೆಟ್‌ನ ಕಲಿಕೆ ತೀರಾ ಚಿಕ್ಕದರಿಂದ ತೊಡಗುತ್ತದೆ. ಮೊದಲು ಅವನು ಕವಾಯತಿನಲ್ಲಿ ಆದೇಶಕ್ಕೆ ಬದ್ಧನಾಗಲು ಕಲಿಯುತ್ತಾನೆ. ಬಳಿಕ ತನ್ನ ಬಂದೂಕನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಲು ಕಲಿಯುತ್ತಾನೆ. ಅನಂತರ ನಕ್ಷೆ ಓದುವುದು, ನೆಲದ ಏರಿಳಿತವನ್ನು ಕಣ್ಣಿನಿಂದ ಅಳೆಯುವುದು, ಯಾವ ದಿಬ್ಬದ ಮರೆಯಲ್ಲಿ ಹತ್ತು ಮಂದಿ ಅಡಗಿ ಸಾಗಬಹುದೆಂದು ಗುರುತಿಸುವುದು. ಕಾಲಾಳು ಪಡೆಯ ಅತಿ ಚಿಕ್ಕ ಘಟಕವನ್ನು ಸೆಕ್ಷನ್ ಎನ್ನುತ್ತಾರೆ. ಅದರಲ್ಲಿ ಸುಮಾರು ಹತ್ತು ಮಂದಿ. ಮೂರು ಸೆಕ್ಷನ್‌ಗಳು ಸೇರಿದರೆ ಒಂದು ಪ್ಲಟೂನ್. ಪ್ಲಟೂನ್‌ಗಳು ಸೇರಿ ಕಂಪೆನಿ, ಕಂಪೆನಿಗಳು ಸೇರಿ ಬೆಟಾಲಿಯನ್, ಬೆಟಾಲಿಯನ್‌ಗಳು ಸೇರಿ ಬ್ರಿಗೇಡ್.

ಈ ಚಿಕ್ಕ ತುಕಡಿಯ ಯುದ್ಧ ವಿದ್ಯೆಯೆಲ್ಲ ಒಂದು ಸರಳ ತತ್ವದ ಮೇಲೆ ನಿಂತಿದೆ. ಒಂದು ಗುಂಪು ಮುಂದೆ ಸಾಗುವಾಗ ಇನ್ನೊಂದು ಗುಂಪು ನಿಂತು ಗುಂಡು ಹಾರಿಸಿ ಶತ್ರುವಿನ ತಲೆ ಏಳದಂತೆ ನೋಡಿಕೊಳ್ಳಬೇಕು. ಮುಂದೆ ಹೋದವರು ನೆಲೆ ಹಿಡಿದ ಬಳಿಕ ಅವರು ಗುಂಡು ಹಾರಿಸಬೇಕು, ಹಿಂದಿದ್ದವರು ಸಾಗಬೇಕು. ಓಡುವವನ ಪ್ರಾಣ ನಿಂತವನ ಕೈಯಲ್ಲಿರುತ್ತದೆ. ನಿಂತವನು ಹೆದರಿ ತಲೆ ತಗ್ಗಿಸಿದರೆ ಓಡುವವನು ಸಾಯುತ್ತಾನೆ. ಆದುದರಿಂದ ಇದು ಕೇವಲ ಕೈಚಳಕದ ವಿದ್ಯೆಯಲ್ಲ. ಪರಸ್ಪರ ವಿಶ್ವಾಸದ ವಿದ್ಯೆ.

1934ರ ಫೆಬ್ರವರಿ 1ರಂದು ಉಸ್ಮಾನ್‌ರು ಅಧಿಕಾರಿಯಾಗಿ ನೇಮಕಗೊಂಡರು. ಅಂದಿನ ಪದ್ಧತಿಯಂತೆ ಮೊದಲು ಒಂದು ವರ್ಷ ಬ್ರಿಟಿಷ್ ಪಡೆಯಾದ ಕ್ಯಾಮರೋನಿಯನ್ಸ್ ಬೆಟಾಲಿಯನ್ನಿನಲ್ಲಿ ಕೆಲಸ ಕಲಿತರು. 1935ರ ಮಾರ್ಚಿನಲ್ಲಿ 10ನೇ ಬಲೂಚ್ ರೆಜಿಮೆಂಟಿನ 5ನೇ ಬೆಟಾಲಿಯನ್ ಸೇರಿದರು. ಕಿರಿಯ ಅಧಿಕಾರಿಯ ದಿನಚರಿಯಲ್ಲಿ ವೈಭವವೇನೂ ಇರುವುದಿಲ್ಲ. ದೀರ್ಘ ನಡಿಗೆಯ ಬಳಿಕ ಸೈನಿಕರ ಪಾದಗಳಲ್ಲಿ ಬೊಬ್ಬೆ ಎದ್ದಿದೆಯೇ ಎಂದು ನೋಡಬೇಕು. ಅವರಿಗೆ ಬಿಸಿ ಊಟ ಸಿಕ್ಕಿತೇ ಎಂದು ವಿಚಾರಿಸಬೇಕು. ರಾತ್ರಿ ಎದ್ದು ಕಾವಲುಗಾರರು ಎಚ್ಚರವಾಗಿದ್ದಾರೆಯೇ ಎಂದು ಪರೀಕ್ಷಿಸಬೇಕು. ಎಲ್ಲರೂ ಉಂಡ ಮೇಲೆ ತಾನು ಉಣ್ಣಬೇಕು. ಹಿಂಡಿನ ಬಗ್ಗೆ ಕುರುಬನನ್ನು ಪ್ರಶ್ನಿಸಲಾಗುವುದು ಎಂದು ನಂಬುವ ನಮಗೆ ಈ ಹೊಣೆಗಾರಿಕೆಯ ಅರ್ಥವನ್ನು ಬೇರೆ ವಿವರಿಸಬೇಕಾಗಿಲ್ಲ.

ಬೆಟ್ಟಗಳೇ ಪಾಠಶಾಲೆ

ಅದೇ 1935ರಲ್ಲಿ ವಾಯವ್ಯ ಸರಹದ್ದಿನಲ್ಲಿ ಮೊಹ್ಮಂದ್ ಕಾರ್ಯಾಚರಣೆ ನಡೆಯಿತು. ಉಸ್ಮಾನ್‌ರು ಅದರಲ್ಲಿ ಭಾಗವಹಿಸಿದರು. ಸರಹದ್ದಿನ ಆ ಬೋಳು ಬೆಟ್ಟಗಳು ಅಂದಿನ ಯುವ ಅಧಿಕಾರಿಗಳಿಗೆ ದೊಡ್ಡ ಪಾಠಶಾಲೆಯಾಗಿದ್ದವು. ಪಡೆಯ ಮುಖ್ಯ ಭಾಗ ಕಣಿವೆಯ ದಾರಿಯಲ್ಲಿ ಸಾಗಬೇಕು. ಇಕ್ಕೆಲದ ಎತ್ತರಗಳಲ್ಲಿ ಎದುರಾಳಿಗಳು ಹೊಂಚು ಹಾಕಿರಬಹುದು. ಆದುದರಿಂದ ಮೊದಲು ಚಿಕ್ಕ ತುಕಡಿಗಳು ಬೆಟ್ಟ ಹತ್ತಿ ಎತ್ತರದ ನೆಲೆಗಳನ್ನು ಹಿಡಿಯಬೇಕು. ಇಂತಹ ಕಾವಲು ನೆಲೆಯನ್ನು ಪಿಕೆಟ್ ಎನ್ನುತ್ತಾರೆ. ಬಂಡೆಯ ನೆಲದಲ್ಲಿ ಕಂದಕ ತೋಡಲಾಗದು. ಸಿಕ್ಕಿದ ಕಲ್ಲುಗಳನ್ನು ಪೇರಿಸಿ ಎದೆಯೆತ್ತರದ ಗೋಡೆ ಕಟ್ಟಿಕೊಳ್ಳಬೇಕು. ಅದಕ್ಕೆ ಸಂಗರ್ ಎಂದು ಹೆಸರು. ಕೆಳಗಿನ ಪಡೆ ಪೂರ್ತಿ ದಾಟುವವರೆಗೆ ಪಿಕೆಟ್ ಅಲುಗಬಾರದು.

ಹತ್ತುವುದಕ್ಕಿಂತ ಇಳಿಯುವುದು ಕಷ್ಟದ ಕೆಲಸ. ಪಿಕೆಟ್ ಜಾಗ ಬಿಡುವ ಕ್ಷಣಕ್ಕಾಗಿಯೇ ಎದುರಾಳಿ ಕಾಯುತ್ತಿರುತ್ತಾನೆ. ಎಲ್ಲರೂ ಒಮ್ಮೆಗೇ ಎದ್ದು ಓಡಿದರೆ ಬೆನ್ನಿಗೆ ಗುಂಡು ಬೀಳುತ್ತದೆ. ಆದುದರಿಂದ ಕೆಲವರು ಸದ್ದಿಲ್ಲದೆ ಇಳಿದು ಕೆಳಗೆ ನೆಲೆ ಹಿಡಿಯಬೇಕು. ಮೇಲೆ ಉಳಿದವರು ಅಷ್ಟರವರೆಗೆ ಎಲ್ಲರೂ ಇರುವಂತೆಯೇ ತೋರಿಸಿಕೊಳ್ಳಬೇಕು. ಕೊನೆಯವನಾಗಿ ಇಳಿಯುವವನು ತುಕಡಿಯ ಮೇಲೆ ಪೂರ್ಣ ಭರವಸೆಯುಳ್ಳವನಾಗಿರಬೇಕು. ಗಾಯಾಳುವನ್ನು ಬಿಟ್ಟು ಬರುವುದು ಯಾರೂ ಊಹಿಸಲೂ ಬಾರದ ಮಾತು. ಇದನ್ನು ತರಗತಿಯಲ್ಲಿ ಕುಳಿತು ಕಲಿಯಲಾಗದು. ನೂರು ಸಲ ಮಾಡಿ, ತಪ್ಪಿ, ಮತ್ತೆ ಮಾಡಿಯೇ ಕಲಿಯಬೇಕು.

ಮುಂದೆ 1942ರಲ್ಲಿ ಉಸ್ಮಾನ್‌ರು ಕ್ವೆಟ್ಟಾದ ಸ್ಟಾಫ್ ಕಾಲೇಜಿನಲ್ಲಿ ತರಬೇತಿ ಪಡೆದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಸೇವೆ ಸಲ್ಲಿಸಿದರು. ಅವರ ಸೇವೆಯನ್ನು 1945ರ ಸೆಪ್ಟೆಂಬರಿನ ಅಧಿಕೃತ ಯುದ್ಧ ವರದಿಯಲ್ಲಿ ಹೆಸರಿಸಿ ಸ್ಮರಿಸಲಾಯಿತು. 1945ರ ಏಪ್ರಿಲಿನಿಂದ ಒಂದು ವರ್ಷ ಬಲೂಚ್ ರೆಜಿಮೆಂಟಿನ 14ನೇ ಬೆಟಾಲಿಯನ್ನಿನ ನಾಯಕರಾಗಿದ್ದರು.

ಕವಲು ದಾರಿ

1947 ಬಂತು. ದೇಶದೊಂದಿಗೆ ಸೇನೆಯೂ ವಿಭಜನೆಯಾಯಿತು. ಹನ್ನೆರಡು ವರ್ಷ ಉಸ್ಮಾನ್‌ರ ಮನೆಯೇ ಆಗಿದ್ದ ಬಲೂಚ್ ರೆಜಿಮೆಂಟ್ ಪಾಕಿಸ್ತಾನದ ಪಾಲಾಯಿತು. ಒಟ್ಟಿಗೆ ಉಂಡು, ಒಟ್ಟಿಗೆ ಬೆಟ್ಟ ಹತ್ತಿದ್ದ ಸಹೋದ್ಯೋಗಿಗಳಲ್ಲಿ ಹಲವರು ಆಚೆಗೆ ಹೊರಟರು. ಮುಸ್ಲಿಮ್ ಅಧಿಕಾರಿಗಳಲ್ಲಿ ಹಿರಿಯರೆನಿಸಿದ್ದ ಉಸ್ಮಾನ್‌ರಿಗೂ ಆಚೆಯಿಂದ ಕರೆ ಬಂತು. ಜಿನ್ನಾ ಮತ್ತು ಲಿಯಾಕತ್ ಅಲಿ ಖಾನ್ ಇಬ್ಬರೂ ಅವರನ್ನು ಒಲಿಸಲು ಪ್ರಯತ್ನಿಸಿದರೆಂದೂ, ಮುಂದೆ ಅಲ್ಲಿನ ಸೇನಾ ಮುಖ್ಯಸ್ಥನ ಹುದ್ದೆ ಸಿಗಬಹುದೆಂಬ ಸೂಚನೆಯಿತ್ತೆಂದೂ ಪ್ರಸಿದ್ಧವಾಗಿದೆ. ಉಸ್ಮಾನ್‌ರು ಒಪ್ಪಲಿಲ್ಲ. ತಾನು ಹುಟ್ಟಿದ ನೆಲದಲ್ಲೇ ಉಳಿದರು. ಅವರನ್ನು ಡೋಗ್ರಾ ರೆಜಿಮೆಂಟಿಗೆ ವರ್ಗಾಯಿಸಲಾಯಿತು. ಬಳಿಕ 77ನೇ ಪ್ಯಾರಾಶೂಟ್ ಬ್ರಿಗೇಡಿನ ನಾಯಕತ್ವ ದೊರೆಯಿತು.

ಆ ದಿನಗಳಲ್ಲಿ ಈ ತೀರ್ಮಾನ ಎಷ್ಟು ಭಾರವಾದುದೆಂಬುದನ್ನು ಇಂದು ಊಹಿಸುವುದು ಕಷ್ಟ. ಎರಡೂ ಕಡೆ ರಕ್ತ ಹರಿಯುತ್ತಿತ್ತು. ಹೋದರೆ ಹುದ್ದೆಯಿತ್ತು. ಉಳಿದರೆ ಸಂಶಯದ ಕಣ್ಣುಗಳಿದ್ದವು. ಆ ಕಣ್ಣುಗಳಿಗೆ ಉತ್ತರವಾಗಿ ಉಸ್ಮಾನ್‌ರು ಭಾಷಣ ಮಾಡಲಿಲ್ಲ, ಹೇಳಿಕೆ ಕೊಡಲಿಲ್ಲ. ತಾನು ಕಲಿತ ಕೆಲಸವನ್ನು ಮಾಡಿ ತೋರಿಸಿದರು.

ನೌಶೇರಾದ ಚಳಿಗಾಲ

1947ರ ಅಕ್ಟೋಬರಿನಲ್ಲಿ ಕಾಶ್ಮೀರದಲ್ಲಿ ಯುದ್ಧ ಆರಂಭವಾಯಿತು. ಡಿಸೆಂಬರಿನಲ್ಲಿ ಉಸ್ಮಾನ್‌ರಿಗೆ ಜಮ್ಮು ಪ್ರಾಂತದಲ್ಲಿದ್ದ 50ನೇ ಪ್ಯಾರಾಶೂಟ್ ಬ್ರಿಗೇಡಿನ ಹೊಣೆ ವಹಿಸಲಾಯಿತು. ಮೀರ್‌ಪುರ ಮತ್ತು ಕೋಟ್ಲಿಯ ರಸ್ತೆಗಳು ಸೇರುವ ಝಂಗರ್ ಎಂಬ ಆಯಕಟ್ಟಿನ ಸ್ಥಳ ಡಿಸೆಂಬರ್ 24ರ ಸುಮಾರಿಗೆ ಬ್ರಿಗೇಡಿನ ಕೈತಪ್ಪಿತು. ಅದನ್ನು ಗೆದ್ದವರ ಮುಂದಿನ ಗುರಿ ನೌಶೇರಾ. ಅಲ್ಲಿ ಸೈನಿಕರೊಂದಿಗೆ ಮನೆಮಠ ಕಳಕೊಂಡ ಸಾವಿರಾರು ನಿರಾಶ್ರಿತರೂ ಇದ್ದರು.

ಅಂದು ಉಸ್ಮಾನ್‌ರು ಒಂದು ಶಪಥ ಮಾಡಿದರು. ಝಂಗರ್ ಮರಳಿ ಕೈಸೇರುವವರೆಗೆ ತಾನು ಮಂಚದ ಮೇಲೆ ಮಲಗುವುದಿಲ್ಲ. ಪರ್ವತ ಪ್ರದೇಶದ ಕೊರೆಯುವ ಚಳಿಯಲ್ಲಿ ಆ ಬ್ರಿಗೇಡಿಯರ್ ನೆಲದ ಮೇಲೆ ಚಾಪೆ ಹಾಸಿ ಮಲಗತೊಡಗಿದರು. ಇದು ಪ್ರದರ್ಶನವಾಗಿರಲಿಲ್ಲ. ಗುಡ್ಡದ ಪಿಕೆಟ್‌ಗಳಲ್ಲಿ ಅವರ ಸಿಪಾಯಿಗಳು ಕಲ್ಲಿನ ಮೇಲೆ ರಾತ್ರಿ ಕಳೆಯುತ್ತಿದ್ದರು. ನಾಯಕ ತನಗಾಗಿ ಬೇರೆ ಹಾಸಿಗೆ ಬಯಸಲಿಲ್ಲ.

ಬ್ರಿಗೇಡಿನಲ್ಲಿ ಹಲವು ಧರ್ಮದ, ಹಲವು ಪ್ರಾಂತದ ಸೈನಿಕರಿದ್ದರು. ಪರಸ್ಪರ ಕಂಡಾಗ ಎಲ್ಲರೂ ಜೈ ಹಿಂದ್ ಎಂದೇ ವಂದಿಸಬೇಕೆಂದು ಉಸ್ಮಾನ್‌ರು ಆದೇಶಿಸಿದರು. ಬಳಿಕ ನೌಶೇರಾವನ್ನು ಸುತ್ತುವರಿದ ಗುಡ್ಡಗಳ ರಕ್ಷಣೆಗೆ ಗಮನ ಕೊಟ್ಟರು. ಸರಹದ್ದಿನಲ್ಲಿ ಲೆಫ್ಟಿನೆಂಟ್ ಆಗಿದ್ದಾಗ ಕಲಿತ ಪಾಠ ಈಗ ಬ್ರಿಗೇಡಿಯರನ ಕೈಯಲ್ಲಿತ್ತು. ಪಟ್ಟಣ ಕಣಿವೆಯಲ್ಲಿದೆ. ಅದನ್ನು ಪಟ್ಟಣದಲ್ಲಿ ಕುಳಿತು ಕಾಯಲಾಗದು, ಎತ್ತರದಲ್ಲಿ ನಿಂತು ಕಾಯಬೇಕು. ಒಂದು ಪಿಕೆಟಿನ ಮುಂಭಾಗಕ್ಕೆ ಪಕ್ಕದ ಪಿಕೆಟಿನಿಂದ ಗುಂಡು ತಲುಪಬೇಕು. ರಾತ್ರಿ ಗಸ್ತು ಪಡೆಗಳು ಹೊರಗೆ ಹೋಗಿ ಎದುರಾಳಿಯ ಚಲನವಲನ ತಿಳಿದು ಬರಬೇಕು. ಇಷ್ಟಾದರೂ ಒಂದಷ್ಟು ಮಂದಿಯನ್ನು ಮೀಸಲಾಗಿ ಉಳಿಸಿಕೊಂಡಿರಬೇಕು.

ಕೋಟ್: ಒಂದು ಬೆಳಗ್ಗಿನ ಪಾಠ

1948ರ ಜನವರಿಯಲ್ಲಿ ನಮ್ಮ ಕೊಡಗಿನ ಲೆಫ್ಟಿನೆಂಟ್ ಜನರಲ್ ಕೆ.ಎಂ. ಕಾರ್ಯಪ್ಪನವರು ಆ ಪ್ರದೇಶದ ಸೇನಾ ಹೊಣೆಯನ್ನು ವಹಿಸಿಕೊಂಡರು. ಅವರು ನೌಶೇರಾಕ್ಕೆ ಭೇಟಿ ಕೊಟ್ಟಾಗ, ಪಟ್ಟಣವನ್ನು ಮೇಲಿನಿಂದ ದಿಟ್ಟಿಸುವ ಕೋಟ್ ಎಂಬ ಎತ್ತರದ ನೆಲೆ ಎದುರಾಳಿಯ ಕೈಯಲ್ಲಿತ್ತು. ಕೋಟನ್ನು ತನಗೆ ಕಾಣಿಕೆಯಾಗಿ ಕೊಡಬೇಕೆಂದು ಕಾರ್ಯಪ್ಪನವರು ಉಸ್ಮಾನ್‌ರಲ್ಲಿ ಕೇಳಿದರಂತೆ. ಉಸ್ಮಾನ್‌ರು ಮಾತು ಕೊಟ್ಟರು. ಕಾರ್ಯಪ್ಪನವರನ್ನು ಸ್ನೇಹಿತರು ಕರೆಯುತ್ತಿದ್ದ ಕಿಪ್ಪರ್ ಎಂಬ ಹೆಸರನ್ನೇ ಆ ಕಾರ್ಯಾಚರಣೆಗೆ ಇಟ್ಟರು.

ಫೆಬ್ರವರಿ 1ರ ಮುಂಜಾನೆ ದಾಳಿ ನಡೆಯಿತು. ಏಳು ಗಂಟೆಯ ಹೊತ್ತಿಗೆ ಕೋಟ್ ವಶವಾಯಿತೆಂಬ ಸಂದೇಶ ಬಂತು. ಆದರೆ ಒಂದು ಲೋಪ ನಡೆದಿತ್ತು. ಹಳ್ಳಿಯನ್ನು ದಾಟಿ ಹೋದ ಪಡೆ ಮನೆಗಳನ್ನು ಒಂದೊಂದಾಗಿ ಶೋಧಿಸಿರಲಿಲ್ಲ. ಒಳಗಿದ್ದ ಎದುರಾಳಿಗಳು ಹೊರಬಂದು ಪ್ರತಿದಾಳಿ ನಡೆಸಿದರು. ಅರ್ಧ ಗಂಟೆಯೊಳಗೆ ಗೆದ್ದ ನೆಲೆ ಕೈತಪ್ಪಿತು. ಕೆಲಸ ಮುಗಿಯುವ ಮೊದಲೇ ಮುಗಿಯಿತೆಂದು ಭಾವಿಸುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ಉಹುದ್‌ನ ಗುಡ್ಡದ ಬಳಿಕ ಬೇರೆ ಉದಾಹರಣೆ ಬೇಕಿಲ್ಲವಾದರೂ, ಮನುಷ್ಯ ಅದೇ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಾನೆ.

ಉಸ್ಮಾನ್‌ರು ಇಂತಹದನ್ನು ಮೊದಲೇ ಯೋಚಿಸಿದ್ದರು. ಎರಡು ಕಂಪೆನಿಗಳನ್ನು ಮೀಸಲಾಗಿ ಇರಿಸಿಕೊಂಡಿದ್ದರು. ಅವನ್ನು ಕೂಡಲೇ ಮುಂದಕ್ಕೆ ಕಳುಹಿಸಿದರು. ಹತ್ತು ಗಂಟೆಯ ವೇಳೆಗೆ ಕೋಟ್ ಮತ್ತೆ ಕೈಸೇರಿತು. ಮೀಸಲು ಪಡೆಯೆಂದರೆ ವಿಶ್ರಾಂತಿಯ ಪಡೆಯಲ್ಲ, ತನ್ನವರಿಂದ ತಪ್ಪಾಗಬಹುದೆಂದು ಒಪ್ಪಿಕೊಳ್ಳುವ ನಾಯಕನ ವಿನಯ ಅದು. ತಾನು ಎಂದೂ ತಪ್ಪುವುದಿಲ್ಲವೆಂದು ಭಾವಿಸುವವನು ಮೀಸಲು ಇಡುವುದಿಲ್ಲ.

ಒಂಬತ್ತು ಮಂದಿಯ ಗುಡ್ಡ

ಐದು ದಿನಗಳ ಬಳಿಕ, 1948ರ ಫೆಬ್ರವರಿ 6ರ ಶುಕ್ರವಾರ, ನೌಶೇರಾದ ಪರೀಕ್ಷೆ ಬಂತು. ಆ ದಿನ ದೊಡ್ಡ ದಾಳಿ ನಡೆಯಲಿದೆಯೆಂಬ ಸುಳಿವು ಸ್ಥಳೀಯ ಗುಜ್ಜರರಿಂದ ಉಸ್ಮಾನ್‌ರಿಗೆ ಮೊದಲೇ ಸಿಕ್ಕಿತ್ತು. ಜನರೊಂದಿಗೆ ಒಳ್ಳೆಯ ಸಂಬಂಧವಿರಿಸಿಕೊಂಡ ಸೇನೆಗೆ ಜನರೇ ಕಣ್ಣು ಕಿವಿಗಳಾಗುತ್ತಾರೆ. ಬೆಳಕು ಹರಿಯುವ ಮೊದಲೇ ಹಲವು ದಿಕ್ಕುಗಳಿಂದ ದಾಳಿ ತೊಡಗಿತು. ದಾಳಿಕೋರರ ಸಂಖ್ಯೆ ಸುಮಾರು 11,000 ಎಂದು ಅಂದಾಜಿಸಲಾಗಿದೆ.

ತೈನ್‌ಧಾರ್ ಎಂಬ ಗುಡ್ಡದ ಸಾಲಿನಲ್ಲಿ ರಜಪೂತ ರೆಜಿಮೆಂಟಿನ ಮೊದಲ ಬೆಟಾಲಿಯನ್ನಿನ ಪಿಕೆಟ್‌ಗಳಿದ್ದವು. ಅವುಗಳಲ್ಲಿ ಎರಡನೇ ನಂಬ್ರದ ಪಿಕೆಟಿನ ಮುಂಚೂಣಿ ನೆಲೆಯಲ್ಲಿ ಒಂಬತ್ತು ಮಂದಿ. ಅವರ ನಾಯಕ ಶಹಜಹಾನ್‌ಪುರದ ರೈತ ಮನೆತನದ ನಾಯಕ್ ಜದುನಾಥ್ ಸಿಂಗ್. ಕತ್ತಲ ಮರೆಯಲ್ಲಿ ತೆವಳಿ ಬಂದವರು ಒಮ್ಮೆಗೇ ಮೇಲೆರಗಿದರು. ಮೊದಲ ದಾಳಿಯಲ್ಲಿ ನಾಲ್ವರು ಗಾಯಗೊಂಡರು. ಜದುನಾಥ್ ಸಿಂಗ್ ಉಳಿದವರನ್ನು ಮತ್ತೆ ಸಂಘಟಿಸಿ ದಾಳಿಯನ್ನು ಹಿಮ್ಮೆಟ್ಟಿಸಿದರು. ಎರಡನೆಯ ದಾಳಿಯಲ್ಲಿ ಯಾರೂ ಗಾಯವಿಲ್ಲದೆ ಉಳಿಯಲಿಲ್ಲ. ಬ್ರೆನ್ ಗನ್ ಹಿಡಿದಿದ್ದವನು ಗಾಯಗೊಂಡಾಗ ಸ್ವತಃ ಗಾಯಾಳುವಾಗಿದ್ದ ಜದುನಾಥ್ ಸಿಂಗ್ ಅದನ್ನು ಕೈಗೆತ್ತಿಕೊಂಡರು. ಮೂರನೆಯ ದಾಳಿ ಬಂದಾಗ ಅವರೊಂದಿಗೆ ಹೋರಾಡುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಅವರು ಸ್ಟೆನ್ ಗನ್ ಹಿಡಿದು ಸಂಗರಿನಿಂದ ಒಬ್ಬಂಟಿಯಾಗಿ ಹೊರನುಗ್ಗಿದರು. ಬೆರಗಾದ ದಾಳಿಕೋರರು ಚದುರಿದರು. ತಲೆಗೂ ಎದೆಗೂ ಗುಂಡು ತಗಲಿ ಜದುನಾಥ್ ಸಿಂಗ್ ಅಲ್ಲೇ ಪ್ರಾಣ ಬಿಟ್ಟರು.

ಆ ಒಂಬತ್ತು ಮಂದಿ ಗಳಿಸಿಕೊಟ್ಟ ಅಮೂಲ್ಯ ನಿಮಿಷಗಳಲ್ಲಿ ಉಸ್ಮಾನ್‌ರು ಒಂದು ಕಂಪೆನಿಯನ್ನು ತೈನ್‌ಧಾರಿಗೆ ಕಳುಹಿಸಿದ್ದರು. ಗುಡ್ಡ ಉಳಿಯಿತು. ಗುಡ್ಡ ಉಳಿದುದರಿಂದ ಪಟ್ಟಣ ಉಳಿಯಿತು. ಪಟ್ಟಣ ಉಳಿದುದರಿಂದ ಅಲ್ಲಿ ಆಶ್ರಯ ಪಡೆದಿದ್ದ ನಿರಾಶ್ರಿತರು ಉಳಿದರು. ಭಾರತೀಯ ಸೇನೆಯ 33 ಮಂದಿ ಮಡಿದು, 102 ಮಂದಿ ಗಾಯಗೊಂಡರು. ದಾಳಿಕೋರರ ಸಾವುನೋವು ಇದಕ್ಕಿಂತ ಎಷ್ಟೋ ಹೆಚ್ಚಾಗಿತ್ತು. ಜದುನಾಥ್ ಸಿಂಗರಿಗೆ ಮರಣೋತ್ತರವಾಗಿ ಪರಮವೀರ ಚಕ್ರ ನೀಡಲಾಯಿತು.

ಇಲ್ಲಿ ನಾವು ಒಂದು ವಿಷಯವನ್ನು ಗಮನಿಸಬೇಕು. ಮುಸ್ಲಿಮ್ ಬ್ರಿಗೇಡಿಯರನ ಆದೇಶವನ್ನು ನಂಬಿ ಒಬ್ಬ ಹಿಂದೂ ನಾಯಕ್ ಗುಡ್ಡದಲ್ಲಿ ನಿಂತ. ಆ ನಾಯಕ್ ಜಾಗ ಬಿಡುವುದಿಲ್ಲವೆಂದು ನಂಬಿ ಬ್ರಿಗೇಡಿಯರ್ ತನ್ನ ಮೀಸಲು ಪಡೆಯನ್ನು ಕಳುಹಿಸಿದರು. ಈ ನಂಬಿಕೆ ಆ ಬೆಳಗ್ಗೆ ಹುಟ್ಟಿದುದಲ್ಲ. ತಿಂಗಳುಗಟ್ಟಲೆ ಒಟ್ಟಿಗೆ ಚಳಿಯಲ್ಲಿ ನಡೆದು, ಒಟ್ಟಿಗೆ ಕಷ್ಟಪಟ್ಟು ಬೆಳೆದ ನಂಬಿಕೆ. ಆ ದಿನ ಅದು ಒರೆಗಲ್ಲಿಗೆ ಬಿತ್ತು, ಅಷ್ಟೆ.

ನೌಶೇರಾದ ಬೀದಿಗಳಲ್ಲಿ ಅಲೆಯುತ್ತಿದ್ದ ನಿರಾಶ್ರಿತ ಬಾಲಕರನ್ನೂ ಉಸ್ಮಾನ್‌ರು ಮರೆಯಲಿಲ್ಲ. ಅವರನ್ನು ಒಟ್ಟುಗೂಡಿಸಿ ಬಾಲಸೇನೆಯೊಂದನ್ನು ಕಟ್ಟಿ ಶಿಸ್ತು ಕಲಿಸಿದರು. ಯುದ್ಧದ ಬಿಸಿಯಲ್ಲಿ ಆ ಮಕ್ಕಳು ಸಂದೇಶಗಳನ್ನು ಹೊತ್ತು ಓಡಿದ್ದರು. ಮಕ್ಕಳನ್ನು ಗುಂಡಿನ ಸನಿಹಕ್ಕೆ ಬಿಡುವುದನ್ನು ಇಂದು ಯಾರೂ ಒಪ್ಪಲಾರರು, ಒಪ್ಪಲೂ ಬಾರದು. ಆದರೆ ದಿಕ್ಕಿಲ್ಲದ ಮಕ್ಕಳ ಕೈಗೆ ಒಂದು ಕೆಲಸ, ಬದುಕಿಗೆ ಒಂದು ಗೌರವ ಬೇಕೆಂದು ಆ ಸಂಕಟದ ನಡುವೆಯೂ ಯೋಚಿಸಿದ ಹೃದಯ ಅವರದು.

ಚಾಪೆಯಿಂದ ಮಂಚಕ್ಕೆ

ಉಸ್ಮಾನ್‌ರ ತಲೆಗೆ ಎದುರಾಳಿಗಳು 50,000 ರೂಪಾಯಿ ಬಹುಮಾನ ಘೋಷಿಸಿದರೆಂದು ಆಗ ಸುದ್ದಿಯಾಗಿತ್ತು. ಅವರು ಲಕ್ಷಿಸಲಿಲ್ಲ. ಮಾರ್ಚ್ ತಿಂಗಳಲ್ಲಿ ಝಂಗರ್ ಕಡೆಗೆ ಮುನ್ನಡೆ ತೊಡಗಿತು. ಉಸ್ಮಾನ್‌ರ ಬ್ರಿಗೇಡಿನೊಂದಿಗೆ 19ನೇ ಬ್ರಿಗೇಡ್ ಕೂಡ ಕೈಜೋಡಿಸಿತು. ಒಂದೊಂದು ಗುಡ್ಡವನ್ನು ಒಂದೊಂದು ತುಕಡಿ ಗೆದ್ದು, ಅದನ್ನು ಭದ್ರಪಡಿಸಿ, ಅದರ ರಕ್ಷಣೆಯಲ್ಲಿ ಇನ್ನೊಂದು ತುಕಡಿ ಮುಂದೆ ಸಾಗಿತು. ಕೆಡೆಟ್‌ಗಳಿಗೆ ಹತ್ತು ಮಂದಿಯ ಆಟದಂತೆ ಕಲಿಸುವ ಪಾಠವೇ ಇಲ್ಲಿ ಎರಡು ಬ್ರಿಗೇಡುಗಳ ಯುದ್ಧವಾಗಿತ್ತು. 1948ರ ಮಾರ್ಚ್ 18ರಂದು ಝಂಗರ್ ಮರಳಿ ಕೈಸೇರಿತು. ಅಂದು ಬ್ರಿಗೇಡಿಯರರಿಗಾಗಿ ಒಂದು ಮಂಚವನ್ನು ಹುಡುಕಿದರೆ ಶಿಬಿರದಲ್ಲಿ ಅದೂ ಇರಲಿಲ್ಲ. ಹಳ್ಳಿಯ ಮನೆಯೊಂದರಿಂದ ಎರವಲು ತಂದರೆಂದು ಹೇಳುತ್ತಾರೆ. ಸುಮಾರು ಮೂರು ತಿಂಗಳ ಬಳಿಕ ಉಸ್ಮಾನ್‌ರು ಮಂಚದ ಮೇಲೆ ಮಲಗಿದರು.

ಅವರ ಖಾಸಗಿ ಬದುಕು ಅಷ್ಟೇ ಸರಳವಾಗಿತ್ತು. ಮದ್ಯ ಸಹಜವೆನಿಸಿದ್ದ ಅಧಿಕಾರಿಗಳ ಕೂಟಗಳಲ್ಲಿದ್ದೂ ಅವರು ಅದನ್ನು ಮುಟ್ಟಲಿಲ್ಲ. ವಿವಾಹವಾಗಿರಲಿಲ್ಲ. ಸಂಬಳದ ದೊಡ್ಡ ಪಾಲನ್ನು ಬಡ ಮಕ್ಕಳ ಶಿಕ್ಷಣಕ್ಕೂ ಪೋಷಣೆಗೂ ಕೊಡುತ್ತಿದ್ದರು. ಎಡಗೈಗೆ ತಿಳಿಯದಂತೆ ಬಲಗೈ ಕೊಡುವುದನ್ನು ನಾವು ಜುಮಾ ಖುತ್ಬಾಗಳಲ್ಲಿ ಕೇಳುತ್ತೇವೆ. ಅವರು ಅದನ್ನು ಡೇರೆಯಲ್ಲಿದ್ದುಕೊಂಡು ಮಾಡಿದರು.

ಝಂಗರ್ ಕೈಬಿಟ್ಟು ಹೋದುದು ಎದುರಾಳಿಗಳಿಗೆ ಸಹಿಸಲಾಗದ ನಷ್ಟವಾಗಿತ್ತು. ಫಿರಂಗಿ ದಾಳಿ ಮತ್ತೆ ಮತ್ತೆ ನಡೆಯುತ್ತಿತ್ತು. 1948ರ ಜುಲೈ 3ರ ಸಂಜೆ ಸುಮಾರು ಐದೂಮುಕ್ಕಾಲು ಗಂಟೆಗೆ ಬ್ರಿಗೇಡಿನ ಮುಖ್ಯ ಶಿಬಿರದ ಮೇಲೆ ಶೆಲ್‌ಗಳು ಬೀಳತೊಡಗಿದವು. ಒಂದು ಶೆಲ್ ಉಸ್ಮಾನ್‌ರ ಸಮೀಪದಲ್ಲೇ ಸಿಡಿಯಿತು. ಅವರು ಅಲ್ಲೇ ಹುತಾತ್ಮರಾದರು. ಅವರಿಗೆ 36 ವರ್ಷ ತುಂಬಲು ಹನ್ನೆರಡು ದಿನಗಳಿದ್ದವು. ಪವಿತ್ರ ರಮಝಾನ್ ಆರಂಭವಾಗಲು ಒಂದು ವಾರವೂ ಉಳಿದಿರಲಿಲ್ಲ. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

ಅವರ ಪಾರ್ಥಿವ ಶರೀರವನ್ನು ದೆಹಲಿಗೆ ತರಲಾಯಿತು. ಪ್ರಧಾನಿ ನೆಹರೂ, ಮೌಲಾನಾ ಅಬುಲ್ ಕಲಾಮ್ ಆಝಾದ್, ಶೇಖ್ ಅಬ್ದುಲ್ಲಾ ಮುಂತಾದವರು ಅಂತಿಮ ಯಾತ್ರೆಯಲ್ಲಿ ಭಾಗವಹಿಸಿದರು. ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಪಕ್ಕದ ಖಬರಸ್ತಾನದಲ್ಲಿ ದಫನ ಮಾಡಲಾಯಿತು. ಮರಣೋತ್ತರವಾಗಿ ಮಹಾವೀರ ಚಕ್ರ ನೀಡಲಾಯಿತು. 2020ರ ಡಿಸೆಂಬರಿನಲ್ಲಿ ಅವರ ಸಮಾಧಿಯ ಕಲ್ಲು ಒಡೆದಿರುವುದು ಬೆಳಕಿಗೆ ಬಂದಾಗ ಅನೇಕರು ನೊಂದುಕೊಂಡರು. ಬಳಿಕ ಸೇನೆಯೇ ಮುಂದೆ ಬಂದು ಅದನ್ನು ಸರಿಪಡಿಸಿತು. ಕಾವಲು ಬಿಡದವನ ಸಮಾಧಿಗೆ ಅವನ ಸೇನೆ ಕಾವಲಾಯಿತು.

ನಮ್ಮ ಮನೆಗಳಿಗೆ

ಪ್ರಿಯ ಓದುಗರೇ, ನಮ್ಮ ಮಕ್ಕಳಲ್ಲಿ ಎಲ್ಲರೂ ಸೈನಿಕರಾಗಲಾರರು. ಆದರೆ ಎಲ್ಲರಿಗೂ ಕಾಯಲು ಒಂದೊಂದು ಗುಡ್ಡವಿದೆ. ವ್ಯಾಪಾರಿಗೆ ಅವನ ತಕ್ಕಡಿ, ಶಿಕ್ಷಕಿಗೆ ಅವಳ ತರಗತಿ, ಗುಮಾಸ್ತನಿಗೆ ಅವನ ಕಡತ, ತಾಯಿಗೆ ಅವಳ ಮಡಿಲು. ಯಾರೂ ನೋಡದಿರುವಾಗ, ಕೆಲಸ ಮುಗಿಯಿತೆಂಬ ಭ್ರಮೆ ಮೂಡಿದಾಗ, ಕೆಳಗೆ ಲಾಭ ಹೊಳೆಯುತ್ತಿರುವಾಗ ಆ ಜಾಗವನ್ನು ಬಿಡದಿರುವುದೇ ಅಮಾನತ್ತು.

ಆ ಸ್ಥೈರ್ಯ ಪರೀಕ್ಷೆಯ ದಿನ ಹಠಾತ್ತನೆ ಬರುವುದಿಲ್ಲ. ಸೈನಿಕನಿಗೆ ದಿನನಿತ್ಯದ ಕವಾಯತು ಹೇಗೋ ವಿಶ್ವಾಸಿಗೆ ಐದು ಹೊತ್ತಿನ ನಮಾಝ್ ಹಾಗೆ. ಭುಜಕ್ಕೆ ಭುಜ ತಾಗಿಸಿ ನೇರ ಸಾಲಿನಲ್ಲಿ ನಿಲ್ಲುವ ಮಗು ಶಿಸ್ತನ್ನೂ ಕಲಿಯುತ್ತದೆ, ಪಕ್ಕದವನ ಮೇಲಿನ ಭರವಸೆಯನ್ನೂ ಕಲಿಯುತ್ತದೆ. ಮುಂಜಾನೆ ಚಳಿಯಲ್ಲಿ ಮಗನನ್ನು ಎಬ್ಬಿಸುವಾಗ, ಕೊಟ್ಟ ಮಾತನ್ನು ಉಳಿಸುವಂತೆ ಮಗಳಿಗೆ ಹೇಳುವಾಗ, ಚಿಕ್ಕ ಕೆಲಸವನ್ನೂ ಪೂರ್ತಿ ಮಾಡಿಸುವಾಗ ನಾವು ಅವರನ್ನು ಮುಂದೆಂದೋ ಬರಲಿರುವ ಒಂದು ಫೆಬ್ರವರಿ ಬೆಳಗ್ಗೆಗಾಗಿ ಸಿದ್ಧಗೊಳಿಸುತ್ತಿರುತ್ತೇವೆ.

ನಮ್ಮ ಮೇಲೆ ಸಂಶಯದ ಮಾತುಗಳು ಕೇಳಿಬಂದಾಗ ಮನಸ್ಸು ನೋಯುವುದು ಸಹಜ. ಆಗ ತೊದಲುವ ನಾಲಗೆಯ ಆ ಹುಡುಗನನ್ನು ನೆನಪಿಸಿಕೊಳ್ಳೋಣ. ಚಾಪೆಯ ಮೇಲೆ ಮಲಗಿ, ತನ್ನವರಿಗಿಂತ ಮೊದಲು ಎದ್ದು, ತನಗೆ ವಹಿಸಿದ ಗುಡ್ಡಗಳನ್ನು ಕಾದ ಅವರ ಬದುಕೇ ಎಲ್ಲ ಪ್ರಶ್ನೆಗಳಿಗೂ ಉತ್ತರವಾಯಿತು. ನಮಗೆ ಒಪ್ಪಿಸಲಾದ ಅಮಾನತ್ತುಗಳನ್ನು ಕೊನೆಯವರೆಗೂ ಕಾಯುವ ಶಕ್ತಿಯನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.